ತಾಮ್ರದ ಕಡಗ, ಉಂಗುರ, ಓಲೆ: ಮನೆಯಲ್ಲೇ ಮಾಡುವುದು ಹೇಗೆ, ಕಾಪಾಡುವುದು ಹೇಗೆ

ತಾಮ್ರದ ಒಡವೆ ಮಾಡಲು ಪತ್ತಾರರ ಮನೆಯಲ್ಲೇ ಹುಟ್ಟಿರಬೇಕು ಅಂತೇನಿಲ್ಲ. ಒಂದು ಸುತ್ತಿಗೆ, ಒಂದು ಫೈಲ್ (ಲೋಹ ಉಜ್ಜುವ ಅರ), ಒಂದು ಸಣ್ಣ ಗ್ಯಾಸ್ ಟಾರ್ಚ್, ಒಂದು ತುಂಡು ಪೈಪು ಇದ್ದರೆ ಮೊದಲ ಕಡಗ ಒಂದು ಮಧ್ಯಾಹ್ನದಲ್ಲಿ ಆಗುತ್ತದೆ. ಬಂಗಾರ ಕೈಯಲ್ಲಿ ಹಿಡಿದು ಕಲಿಯಲು ಯಾರಿಗೂ ಧೈರ್ಯ ಬರುವುದಿಲ್ಲ, ಬೆಳ್ಳಿಯೂ ಈಗ ಅಗ್ಗವಿಲ್ಲ. ತಾಮ್ರ ಕೆಟ್ಟರೆ ಮತ್ತೆ ಕಾಯಿಸಿ ಬಡಿದರಾಯಿತು. ತೀರಾ ಹಾಳಾದರೂ ಗುಜರಿಯವರು ತೂಕಕ್ಕೆ ತೆಗೆದುಕೊಳ್ಳುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಾಮ್ರದ ಕೆಲಸ ಅಂದರೆ ಬಡಿಯುವ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಡಿಯುವುದು ಎಲ್ಲರಿಗೂ ಬರುತ್ತದೆ. ಯಾವಾಗ ಸುತ್ತಿಗೆ ಕೆಳಗಿಟ್ಟು ಕಾಯಿಸಬೇಕು ಅನ್ನುವುದು ಗೊತ್ತಾಗುವುದೇ ಅರ್ಧ ವಿದ್ಯೆ, ಇನ್ನರ್ಧ ಅಂಚು ಉಜ್ಜುವ ತಾಳ್ಮೆ. ಇವೆರಡು ಬಂದರೆ ಉಪಕರಣ ಹಳೆಯದಿದ್ದರೂ ಕೆಲಸ ಚೆನ್ನಾಗಿ ಬರುತ್ತದೆ.

ನಾನು ಬೆಳಗಾವಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹಾಗಾಗಿ ಸಾಮಾನು ಸಿಗುವ ಜಾಗ, ಮಳೆ, ತೇವ ಎಲ್ಲಾ ಇಲ್ಲಿಯ ಲೆಕ್ಕದಲ್ಲೇ ಬರುತ್ತದೆ. ಬಾಗಲಕೋಟೆ, ವಿಜಯಪುರದವರಿಗೆ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಹೇಳುತ್ತೇನೆ.

ತಾಮ್ರ ಎಲ್ಲಿ ಸಿಗುತ್ತದೆ, ಯಾವುದು ಬೇಡ

ತಗಡು ಬೇಕಿದ್ದರೆ ಉದ್ಯಮಬಾಗ ಕಡೆ ಹೋಗಿ. ಅಲ್ಲಿ ಲೇತ್ ಅಂಗಡಿ, ಫ್ಯಾಬ್ರಿಕೇಶನ್ ಶೆಡ್ಡುಗಳು ಸಾಲು ಸಾಲಾಗಿವೆ. ಒಂದೂವರೆ ಮಿಲಿಮೀಟರ್ ದಪ್ಪದ ತಾಮ್ರದ ತಗಡು ಕೊಂಡರೆ, ಶಿಯರಿಂಗ್ ಮಶಿನ್ ಇರುವವರಲ್ಲಿ ಕೇಳಿಕೊಂಡು 10 ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಅಲ್ಲೇ ಕತ್ತರಿಸಿಕೊಂಡು ಬಂದುಬಿಡಿ. ಈ ದಪ್ಪದ ತಗಡನ್ನು ಕೈ ಕತ್ತರಿಯಲ್ಲಿ ಕತ್ತರಿಸಲು ಹೋದರೆ ಅಂಗೈ ಬೊಬ್ಬೆ ಬರುತ್ತದೆ, ಪಟ್ಟಿಯೂ ಸೊಟ್ಟಗಾಗುತ್ತದೆ. ಒಂದು ಕಡಗಕ್ಕೆ 15 ಸೆಂಟಿಮೀಟರ್ ಉದ್ದದ ಪಟ್ಟಿ ಸಾಕು, ತೂಕ ಸುಮಾರು 20 ಗ್ರಾಂ. ಅಂದರೆ ಒಂದು ಕಿಲೋ ತಗಡಿನಲ್ಲಿ ಹೆಚ್ಚುಕಮ್ಮಿ 50 ಕಡಗ. ಹಾಗಾಗಿ ಮೊದಲ ಸಲ ಅರ್ಧ ಕಿಲೋ ಕೂಡ ಬೇಡ, ಉಳಿದ ತುಂಡು ಕೊಟ್ಟರೆ ಅದೇ ಸಾಕು.

ತಗಡಿನ ತಂಟೆಯೇ ಬೇಡ ಅನ್ನುವವರು ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ತಾಮ್ರದ ಅರ್ಥಿಂಗ್ ವೈರ್ ಕೇಳಿ. "ತಾಮ್ರದ್ದು" ಅಂತ ಒತ್ತಿ ಹೇಳಿ, ಇಲ್ಲಾಂದ್ರೆ ಜಿಐ ವೈರ್ ಕೊಡುತ್ತಾರೆ, ಅದು ಕಬ್ಬಿಣ. 8 ಗೇಜಿನ ವೈರ್ ಸುಮಾರು 4 ಮಿಲಿಮೀಟರ್ ದಪ್ಪ, ಅದನ್ನೇ ಚಪ್ಪಟೆ ಬಡಿದರೆ ಒಳ್ಳೆಯ ಕಡಗ. 14 ಗೇಜು ಸುಮಾರು 2 ಮಿಲಿಮೀಟರ್, ಉಂಗುರಕ್ಕೆ ಸರಿ. 20 ಗೇಜು ಸುಮಾರು 0.9 ಮಿಲಿಮೀಟರ್, ಕೊಂಡಿ, ಬಳೆಗೆ ಸುತ್ತುವುದು ಇಂಥದ್ದಕ್ಕೆ. ಗೇಜಿನ ನಂಬರ್ ಜಾಸ್ತಿಯಾದಷ್ಟೂ ತಂತಿ ತೆಳ್ಳಗಾಗುತ್ತದೆ ಅನ್ನುವುದು ನೆನಪಿರಲಿ. ಇದು ನಮ್ಮ ಅಂಗಡಿಗಳಲ್ಲಿ ನಡೆಯುವ ಎಸ್‌ಡಬ್ಲ್ಯೂಜಿ, ಅಂದರೆ ಸ್ಟ್ಯಾಂಡರ್ಡ್ ವೈರ್ ಗೇಜ್ ಲೆಕ್ಕ. ಯೂಟ್ಯೂಬಿನಲ್ಲಿ ಅಮೆರಿಕದವರು ಹೇಳುವ ಗೇಜು ಬೇರೆ, ಅವರ 18 ಅಂದರೆ 1 ಮಿಲಿಮೀಟರ್, ನಮ್ಮ 18 ಅಂದರೆ 1.2. ಅದಕ್ಕೇ ಯಾವಾಗಲೂ ಮಿಲಿಮೀಟರ್‌ನಲ್ಲಿ ಕೇಳುವುದು ಒಳ್ಳೆಯದು.

ಬಾಗಲಕೋಟೆ, ವಿಜಯಪುರದ ಕಡೆ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಲ್ಲದ ಊರೇ ಇಲ್ಲ ಅಲ್ವಾ, ಅಲ್ಲಿ ತಂತಿ ಸುಲಭವಾಗಿ ಸಿಗುತ್ತದೆ. ಆದರೆ ವೈಂಡಿಂಗ್ ತಂತಿಗೆ ಮೇಲೆ ವಾರ್ನಿಶ್ ಅಥವಾ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ನೋಡಲು ಕಂದು ಮಿಶ್ರಿತ ತಾಮ್ರದ ಬಣ್ಣ, ಬರಿ ತಾಮ್ರ ಅಂತಲೇ ಅನ್ನಿಸುತ್ತದೆ. ಅದನ್ನು ಬೆಂಕಿಗೆ ಹಾಕಿ ಸುಡಬೇಡಿ, ಆ ಹೊಗೆ ಕೆಟ್ಟದ್ದು. ಬ್ಲೇಡಿನಿಂದ ಹೆರೆದು ಎಮರಿ ಪೇಪರಿನಲ್ಲಿ ಉಜ್ಜಿ ತೆಗೆಯಬಹುದು, ತೀರಾ ತೆಳು ತಂತಿಗೆ ಆ ಶ್ರಮ ದಂಡ.

ಹಳೆಯ ಹಂಡೆ, ತಂಬಿಗೆ ಕತ್ತರಿಸಿ ಒಡವೆ ಮಾಡುವ ಆಸೆ ಹಲವರಿಗಿದೆ. ಒಳಗೆ ಕಲಾಯಿ ಇದ್ದರೆ ಬಿಟ್ಟುಬಿಡಿ. ಕಲಾಯಿ ಅಂದರೆ ತವರ, ಕಾಯಿಸಿದಾಗ ಅದು ತಾಮ್ರದೊಳಗೆ ಇಳಿದು ತಗಡನ್ನು ಹಾಳು ಮಾಡುತ್ತದೆ, ಹಳೆಯ ಕಲಾಯಿಯಲ್ಲಿ ಸೀಸ ಸೇರಿರುವ ಸಾಧ್ಯತೆಯೂ ಇದೆ.

ನಕಲಿ ತಾಮ್ರ ಪತ್ತೆ ಮಾಡಲು ಎರಡು ಪರೀಕ್ಷೆ. ಅಯಸ್ಕಾಂತ ಹಿಡಿಯಿರಿ, ಅಂಟಿದರೆ ಒಳಗೆ ಕಬ್ಬಿಣ. ಅಂಟದಿದ್ದರೆ ತುದಿ ಕತ್ತರಿಸಿ ನೋಡಿ, ಒಳಗೆ ಬಿಳಿ ಕಂಡರೆ ಅಲ್ಯೂಮಿನಿಯಂ, ಮೇಲೆ ಮಾತ್ರ ತಾಮ್ರ. ಅಗ್ಗದ ವೈರುಗಳಲ್ಲಿ ಇದು ಮಾಮೂಲು.

ಬೇಕಾದ ಸಾಮಾನು

ಮರದ ಕೊಡತಿ ಒಂದು, ಬಗ್ಗಿಸಲು. ಒಂದು ಕಡೆ ಗುಂಡು ತಲೆ ಇರುವ ಬಾಲ್‌ಪೀನ್ ಸುತ್ತಿಗೆ ಒಂದು, ಮೇಲ್ಮೈಗೆ ಅಚ್ಚು ಬೀಳಿಸಲು. ಸುತ್ತಿಗೆಯ ಮುಖದಲ್ಲಿ ಇರುವ ಪ್ರತಿ ಗೀರೂ ತಾಮ್ರದ ಮೇಲೆ ಮೂಡುತ್ತದೆ, ಹಾಗಾಗಿ ಹೊಸದು ತಂದ ದಿನವೇ ಅದರ ಮುಖವನ್ನು ಎಮರಿಯಲ್ಲಿ ಉಜ್ಜಿ ಕನ್ನಡಿ ಮಾಡಿಕೊಳ್ಳಿ, ಮತ್ತೆ ಅದರಲ್ಲಿ ಮೊಳೆ ಹೊಡೆಯಬೇಡಿ. ಕಂಬಾರರ ಅಡಿಗಲ್ಲಿನ ಬದಲು ಲೇತ್ ಅಂಗಡಿಯಲ್ಲಿ ಉಳಿದ ದಪ್ಪ ಕಬ್ಬಿಣದ ಗಟ್ಟಿ ಸಾಕು, ಮೇಲ್ಭಾಗ ಸಪಾಟಾಗಿ ನಯವಾಗಿರಬೇಕು. ಚಪ್ಪಟೆ ಫೈಲ್ ಒಂದು, ಅರ್ಧ ಗುಂಡನೆಯದು ಒಂದು. 220, 400, 600, 1000 ನಂಬರಿನ ನೀರಿನ ಎಮರಿ ಪೇಪರ್. ನೋಸ್ ಪ್ಲೈಯರ್. ಅಡುಗೆಯವರು ಬಳಸುವ ಬ್ಯುಟೇನ್ ಟಾರ್ಚ್ ಒಂದು, ಒಡವೆಯಷ್ಟು ಚಿಕ್ಕ ತಾಮ್ರಕ್ಕೆ ಅದರ ಬೆಂಕಿ ಸಾಲುತ್ತದೆ.

ಇನ್ನು ಪೈಪು. ಬಳೆಯ ಅಳತೆ ಕೋಲು ಕೊಳ್ಳಲು ದುಡ್ಡು ಹಾಕಬೇಡಿ. ನಮ್ಮ ಬಳೆ ಅಂಗಡಿಯಲ್ಲಿ ಎರಡು-ಆರು ಅನ್ನುವ ಅಳತೆ ಇದೆಯಲ್ಲ, ಅದು ಎರಡು ಇಂಚಿನ ಮೇಲೆ ಹದಿನಾರರಲ್ಲಿ ಆರು ಭಾಗ, ಒಳ ವ್ಯಾಸ 60.3 ಮಿಲಿಮೀಟರ್. ನೀರಿನ ಎರಡು ಇಂಚಿನ ಜಿಐ ಪೈಪಿನ ಹೊರ ವ್ಯಾಸವೂ 60.3 ಮಿಲಿಮೀಟರೇ! ಪ್ಲಂಬಿಂಗ್ ಅಂಗಡಿಯಲ್ಲಿ ಉಳಿದ ಒಂದು ಅಡಿ ತುಂಡು ಕೇಳಿ ತಂದರೆ ಎರಡು-ಆರರ ಅಚ್ಚು ಸಿಕ್ಕಿತು. ಜೊತೆಗೆ ಒಂದೂವರೆ ಇಂಚಿನ ತುಂಡು ಒಂದಿರಲಿ, ಅದರ ಹೊರ ವ್ಯಾಸ 48.3, ಕಡಗದ ತುದಿಗಳನ್ನು ಬಗ್ಗಿಸಲು ಅದೇ ಬೇಕು.

ಸುರಕ್ಷತೆ ಬಗ್ಗೆ ಜಾಸ್ತಿ ಉಪದೇಶ ಮಾಡುವುದಿಲ್ಲ. ಹತ್ತಿ ಬಟ್ಟೆ ಹಾಕಿ, ಕೂದಲು ಕಟ್ಟಿ, ಸೆರಗು ಸಿಕ್ಕಿಸಿ. ಕಣ್ಣಿಗೆ ಕನ್ನಡಕ. ಕಿಟಕಿ ತೆರೆದಿರಲಿ. ಇಟ್ಟಿಗೆಯ ಮೇಲಿಟ್ಟು ಕಾಯಿಸಿ, ಆದರೆ ಇಟ್ಟಿಗೆ ಪೂರ್ತಿ ಒಣಗಿರಬೇಕು, ಮಳೆಗಾಲದಲ್ಲಿ ಹೊರಗೆ ಬಿದ್ದಿದ್ದ ಹಸಿ ಇಟ್ಟಿಗೆ ಬಿಸಿಗೆ ಸಿಡಿಯುತ್ತದೆ. ಉಜ್ಜುವಾಗ ಎಮರಿಯನ್ನು ನೀರಿನಲ್ಲಿ ಅದ್ದಿಕೊಂಡು ಉಜ್ಜಿ, ತಾಮ್ರದ ಪುಡಿ ಮೂಗಿಗೆ ಹೋಗುವುದಿಲ್ಲ.

ಕಾಯಿಸುವುದು, ಅಂದರೆ ಹದ ಮಾಡುವುದು

ಇದನ್ನು ನಿಧಾನವಾಗಿ ಓದಿ. ಉಳಿದದ್ದು ಮರೆತರೂ ಪರವಾಗಿಲ್ಲ.

ತಾಮ್ರವನ್ನು ಬಡಿದಷ್ಟೂ, ಬಗ್ಗಿಸಿದಷ್ಟೂ ಗಟ್ಟಿಯಾಗುತ್ತದೆ. ಒಳಗಿನ ಹರಳುಗಳ ಸಾಲು ಸಾಲು ಜೋಡಣೆ ಏರುಪೇರಾಗಿ ಒಂದರ ಮೇಲೊಂದು ಜಾರಲು ಜಾಗ ಉಳಿಯುವುದಿಲ್ಲ. ಆಮೇಲೂ ಬಡಿದರೆ ಅಂಚಿನಲ್ಲಿ ಸೀಳು ಬಿಡುತ್ತದೆ. ಮೆತ್ತಗಿರುವಾಗ ಸುತ್ತಿಗೆ ಬಿದ್ದರೆ ಮಂದ ಸದ್ದು, "ಧಪ್" ಅನ್ನುತ್ತದೆ, ಸುತ್ತಿಗೆ ಅಲ್ಲೇ ಕೂರುತ್ತದೆ. ಗಟ್ಟಿಯಾದ ಮೇಲೆ ಸದ್ದು ಚುರುಕಾಗಿ "ಠಣ್" ಅನ್ನುತ್ತದೆ, ಸುತ್ತಿಗೆ ಕೈಗೆ ವಾಪಸ್ ಪುಟಿಯುತ್ತದೆ. ಆ ಠಣ್ ಕೇಳಿದ ತಕ್ಷಣ ನಿಲ್ಲಿಸಿ. "ಇನ್ನೆರಡೇ ಏಟು" ಅನ್ನುವ ಆಸೆಗೆ ಬಿದ್ದ ಕಡೆಯಲ್ಲೇ ಬಿರುಕು ಬರುವುದು.

ಗಟ್ಟಿಯಾದದ್ದನ್ನು ಮತ್ತೆ ಮೆತ್ತಗೆ ಮಾಡಲು ಕಾಯಿಸಬೇಕು. ಈಗ ಮಬ್ಬು ಬೆಳಕಿನ ಮೂಲೆಗೆ ಹೋಗಿ, ಬಿಸಿಲಲ್ಲಿ ಕೂತರೆ ಬಣ್ಣ ಕಾಣಿಸುವುದೇ ಇಲ್ಲ. ಟಾರ್ಚನ್ನು ಒಂದೇ ಕಡೆ ಹಿಡಿಯದೆ ಉದ್ದಕ್ಕೂ ಆಡಿಸುತ್ತಾ ಕಾಯಿಸಿ. ಮೊದಲು ಮೇಲ್ಮೈಯಲ್ಲಿ ಕಾಮನಬಿಲ್ಲಿನ ಬಣ್ಣ ಓಡಾಡುತ್ತದೆ, ಆಮೇಲೆ ಕಪ್ಪಾಗುತ್ತದೆ, ಆಮೇಲೆ ಮಂದ ಕೆಂಪು ಮೂಡುತ್ತದೆ. ಆ ಮಂದ ಕೆಂಪು ಪಟ್ಟಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ಹಾದು ಹೋದರೆ ಸಾಕು. ಕಿತ್ತಳೆ ಬಣ್ಣಕ್ಕೆ ತಿರುಗಿತು ಅಂದರೆ ಜಾಸ್ತಿಯಾಯಿತು. ತಾಮ್ರ ಕರಗುವುದು 1085 ಡಿಗ್ರಿಗೆ, ಹಾಗಾಗಿ ಕರಗಿಬಿಡುವ ಭಯ ಈ ಸಣ್ಣ ಟಾರ್ಚಿನಲ್ಲಿ ಕಡಿಮೆ. ಆದರೆ ಅತಿಯಾಗಿ ಕಾಯಿಸಿದರೆ ಹರಳು ದೊಡ್ಡದಾಗಿ, ಬಗ್ಗಿಸಿದಾಗ ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಆಮೇಲೆ ಇಕ್ಕಳದಲ್ಲಿ ಹಿಡಿದು ನೀರಿಗೆ ಅದ್ದಿ. ಇಲ್ಲಿ ಎಲ್ಲರಿಗೂ ಅನುಮಾನ ಬರುತ್ತದೆ, ಯಾಕೆಂದರೆ ಕಂಬಾರ ಕುಡಗೋಲನ್ನು ಕಾಯಿಸಿ ನೀರಿಗೆ ಅದ್ದುವುದು ಗಟ್ಟಿ ಮಾಡುವುದಕ್ಕೆ. ಅದು ಉಕ್ಕಿನ ಗುಣ. ತಾಮ್ರ ನೀರಿಗೆ ಬಿದ್ದರೂ ಮೆತ್ತಗೇ ಇರುತ್ತದೆ, ಜೊತೆಗೆ ಮೇಲಿನ ಕಪ್ಪು ಹೊಪ್ಪಳಿಕೆ ಅರ್ಧ ಉದುರಿ ಹೋಗುತ್ತದೆ. ತೆಳು ತಂತಿಯನ್ನಾದರೆ ಮನೆಯ ಗ್ಯಾಸ್ ಒಲೆಯ ಉರಿಯಲ್ಲೇ ಕಾಯಿಸಬಹುದು, ಪಟ್ಟಿಗೆ ಟಾರ್ಚೇ ಬೇಕು.

ಉಳಿದ ಕಪ್ಪು ಹೋಗಲು ಹುಳಿ ಬೇಕು. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಎರಡು ಚಮಚ, ಒಂದು ಲೋಟ ಬಿಸಿ ನೀರು, ಗಾಜಿನ ಪಾತ್ರೆ. ಅದರಲ್ಲಿ 15-20 ನಿಮಿಷ ಬಿಟ್ಟರೆ ತಾಮ್ರ ಗುಲಾಬಿ ಬಣ್ಣಕ್ಕೆ ಬರುತ್ತದೆ. ಹುಣಸೆ ಹುಳಿಗೆ ಉಪ್ಪು ಸೇರಿಸಿದರೂ ಕೆಲಸ ಆಗುತ್ತದೆ, ಸ್ವಲ್ಪ ನಿಧಾನ. ಅಲ್ಯೂಮಿನಿಯಂ ಪಾತ್ರೆ ಬೇಡ, ಕಬ್ಬಿಣದ ಇಕ್ಕಳವನ್ನು ಆ ನೀರಿಗೆ ಅದ್ದಬೇಡಿ, ಮರದ ಕಡ್ಡಿ ಬಳಸಿ. ಬಳಸಿ ಬಳಸಿ ಆ ನೀರು ನೀಲಿಯಾಗುತ್ತದೆ, ಅದು ಕರಗಿದ ತಾಮ್ರ. ಮಕ್ಕಳ ಕೈಗೆ ಸಿಗದಂತೆ ಇಡಿ, ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು, ನೀರನ್ನು ಗಿಡಗಳ ಬುಡಕ್ಕೆ ಸುರಿಯಬಾರದು. ಹುಳಿಯಿಂದ ತೆಗೆದ ಮೇಲೆ ಅಡುಗೆ ಸೋಡಾ ಕಲಸಿದ ನೀರಲ್ಲಿ ಒಮ್ಮೆ ಅದ್ದಿ ತೊಳೆಯಿರಿ. ಹುಳಿ ಉಳಿದರೆ ಎರಡು ದಿನದಲ್ಲಿ ಹಸಿರು ಕಲೆ ಏಳುತ್ತದೆ.

ಮೊದಲ ಕಡಗ

ಮಣಿಕಟ್ಟಿನ ಸುತ್ತಳತೆ ತೆಗೆದುಕೊಳ್ಳಿ, ಮೂಳೆಯ ಉಬ್ಬಿನ ಸ್ವಲ್ಪ ಹಿಂದೆ. ಅದರಲ್ಲಿ ಎರಡೂವರೆ ಸೆಂಟಿಮೀಟರ್ ಕಳೆಯಿರಿ, ಅದು ಕೈ ತೂರಿಸುವ ಜಾಗ. 17.5 ಬಂದರೆ ಪಟ್ಟಿ 15. ದಪ್ಪ ತಂತಿಯಾದರೆ ಅರ್ಧ ಸೆಂಟಿಮೀಟರ್ ಜಾಸ್ತಿ ಇಟ್ಟುಕೊಳ್ಳಿ.

ಮೂಲೆಗಳನ್ನು ಮೊದಲು ದುಂಡಗೆ ಮಾಡಿ. ಒಂದು ರೂಪಾಯಿ ನಾಣ್ಯ ಇಟ್ಟು ಪೆನ್ನಿನಲ್ಲಿ ಗೆರೆ ಎಳೆದು ಫೈಲ್ ಮಾಡಿದರೆ ಎರಡು ತುದಿಯೂ ಒಂದೇ ಥರ ಬರುತ್ತದೆ. ಫೈಲನ್ನು ಮುಂದೆ ತಳ್ಳುವಾಗ ಮಾತ್ರ ಒತ್ತಿ, ಹಿಂದೆ ಎಳೆಯುವಾಗ ಎತ್ತಿ. ಆಮೇಲೆ ಉದ್ದದ ಅಂಚುಗಳು. ಶಿಯರಿಂಗ್ ಮಶಿನ್ನಿನಲ್ಲಿ ಕತ್ತರಿಸಿದ ಪಟ್ಟಿಯ ಒಂದು ಬದಿಗೆ ಚೂಪಾದ ಸಿಬಿರು ಇದ್ದೇ ಇರುತ್ತದೆ, ಬೆರಳು ಎಳೆದರೆ ಚರ್ಮ ಕೀಳುತ್ತದೆ. ಮೇಲಿನ ಅಂಚು, ಕೆಳಗಿನ ಅಂಚು ಎರಡನ್ನೂ ಓರೆಯಾಗಿ ಕೆರೆದು, ಆಮೇಲೆ 220, 400, 600 ಎಮರಿ ಕ್ರಮವಾಗಿ. ಪ್ರತಿ ಸಲ ನಂಬರ್ ಬದಲಿಸುವಾಗ ಹಿಂದಿನ ಗೀರಿಗೆ ಅಡ್ಡಲಾಗಿ ಉಜ್ಜಿ, ಹಳೆಯ ಗೀರು ಪೂರ್ತಿ ಹೋಯಿತಾ ಅಂತ ಕಾಣುತ್ತದೆ. ಹತ್ತಿ ಬಟ್ಟೆಯ ಮೇಲೆ ಅಂಚು ಎಳೆದು ನೋಡಿ, ಒಂದು ಎಳೆಯೂ ಸಿಕ್ಕಿಕೊಳ್ಳಬಾರದು. ಇಳಕಲ್ ಸೀರೆ ಉಟ್ಟವರ ಕೈಗೆ ಈ ಕಡಗ ಹೋಗುವುದಿದ್ದರೆ ಈ ಪರೀಕ್ಷೆ ಎರಡು ಸಲ ಮಾಡಿ, ಆ ರೇಷ್ಮೆ ಸೆರಗಿಗೆ ಸಿಬಿರು ಸಿಕ್ಕಿದರೆ ಯಾರೂ ಕ್ಷಮಿಸುವುದಿಲ್ಲ!

ಈಗ ಒಮ್ಮೆ ಕಾಯಿಸಿ ಹದ ಮಾಡಿ. ವಿನ್ಯಾಸ ಏನಿದ್ದರೂ ಪಟ್ಟಿ ಸಪಾಟಾಗಿರುವಾಗಲೇ ಮಾಡಬೇಕು. ಸುತ್ತಿಗೆಯ ಗುಂಡು ತಲೆಯಿಂದ ಒಂದರ ಪಕ್ಕ ಒಂದು ಏಟು ಕೊಡುತ್ತಾ ಹೋದರೆ ಗುಳಿ ಗುಳಿಯಾದ ಮೇಲ್ಮೈ ಬರುತ್ತದೆ, ಬೆಳಕಿಗೆ ಚೆನ್ನಾಗಿ ಮಿನುಗುತ್ತದೆ. ಎತ್ತರದಿಂದ ಹೊಡೆಯಬೇಡಿ, ಮಣಿಕಟ್ಟಿನಿಂದ ಸಣ್ಣ ಸಣ್ಣ ಏಟು. ಒಂದು ಬದಿ ಜಾಸ್ತಿ ಬಡಿದರೆ ಆ ಬದಿ ಉದ್ದವಾಗಿ ಪಟ್ಟಿ ಬಿಲ್ಲಿನಂತೆ ವಾಲುತ್ತದೆ. ಆಗ ಇನ್ನೊಂದು ಬದಿಯನ್ನೂ ಅಷ್ಟೇ ಬಡಿಯಿರಿ, ನೇರವಾಗುತ್ತದೆ. ತಗಡು ಕೆಳಮುಖವಾಗಿ ಬಾಗಿದರೆ ತಿರುವಿ ಹಾಕಿ ಕೊಡತಿಯಿಂದ ತಟ್ಟಿ.

ನನಗೆ ಗುಳಿ ವಿನ್ಯಾಸಕ್ಕಿಂತ ಇಷ್ಟವಾಗುವುದು ಕಸೂತಿ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ, ಹಾಗಾಗಿ ಗ್ರಾಫ್ ಪೇಪರಿನ ಮೇಲೆ ಸರಾಗವಾಗಿ ಕೂರುತ್ತದೆ, ಅಲ್ಲಿಂದ ತಾಮ್ರಕ್ಕೆ ಚುಕ್ಕಿಗಳಾಗಿ ಇಳಿಸಬಹುದು. ಕಸೂತಿಯಲ್ಲಿ ಮುರಗಿ ಅನ್ನುವ ಹೊಲಿಗೆಯ ಮೆಟ್ಟಿಲು ಮೆಟ್ಟಿಲಾದ ಓಟ 10 ಮಿಲಿಮೀಟರ್ ಪಟ್ಟಿಗೆ ಹೇಳಿ ಮಾಡಿಸಿದ ಹಾಗಿದೆ. ಗೋಪುರ, ತೇರು ಇಂಥವಕ್ಕೆ 25 ಮಿಲಿಮೀಟರ್ ಅಗಲ ಬೇಕು. ಮಾಡುವ ಬಗೆ ಹೀಗೆ: 2 ಮಿಲಿಮೀಟರ್ ಚೌಕದ ಗ್ರಾಫ್ ಪೇಪರಿನಲ್ಲಿ ವಿನ್ಯಾಸ ಬರೆದು ಪಟ್ಟಿಗೆ ಅಂಟಿಸಿ. ಕಾಂಕ್ರೀಟ್ ಮೊಳೆಯ ತುದಿಯನ್ನು ಕಲ್ಲಿಗೆ ಉಜ್ಜಿ ಚೂಪು ಮುರಿದು ದುಂಡಗೆ ಮಾಡಿ, ಚೂಪಾಗಿದ್ದರೆ ತೂತು ಬೀಳುತ್ತದೆ. ಪಟ್ಟಿಯನ್ನು ಬೇವಿನ ಹಲಗೆಯ ಮೇಲಿಟ್ಟು ಪ್ರತಿ ಚುಕ್ಕಿಗೂ ಒಂದೇ ತೂಕದ ಒಂದು ಏಟು. ಒಂದೇ ತೂಕ ಅನ್ನುವುದೇ ಇಲ್ಲಿ ಕಷ್ಟ, ಒಂದು ಬೇಡದ ತುಂಡಿನ ಮೇಲೆ ಐವತ್ತು ಚುಕ್ಕಿ ಹಾಕಿ ಕೈ ಕೂಡಿಸಿಕೊಂಡು ಆಮೇಲೆ ಶುರು ಮಾಡಿ. ಮುಗಿದ ಮೇಲೆ ಕಾಗದ ನೆನೆಸಿ ತೆಗೆದು, ಪಟ್ಟಿ ಬಾಗಿದ್ದನ್ನು ಕೊಡತಿಯಿಂದ ಸಪಾಟು ಮಾಡಿ.

ಮತ್ತೆ ಕಾಯಿಸಿ, ಹುಳಿಗೆ ಹಾಕಿ, ತೊಳೆಯಿರಿ.

ಈಗ ಬಗ್ಗಿಸುವುದು. ತುದಿಗಳನ್ನು ಮೊದಲು ಬಗ್ಗಿಸಿ, ನಡು ಆಮೇಲೆ. ಎಲ್ಲರೂ ಮೊದಲು ನಡುವನ್ನು ಪೈಪಿಗೆ ಸುತ್ತುತ್ತಾರೆ, ಆಗ ತುದಿಯ ಎರಡು ಸೆಂಟಿಮೀಟರ್ ನೆಟ್ಟಗೆ ಉಳಿದು ಚರ್ಮಕ್ಕೆ ಚುಚ್ಚುತ್ತದೆ, ಅದನ್ನು ಬಗ್ಗಿಸಲು ಹಿಡಿತವೇ ಸಿಗುವುದಿಲ್ಲ. ಒಂದೂವರೆ ಇಂಚಿನ ಪೈಪಿನ ಮೇಲೆ ಒಂದೊಂದು ತುದಿಯನ್ನೂ ಮೂರು ಸೆಂಟಿಮೀಟರ್‌ವರೆಗೆ ಕೊಡತಿಯಿಂದ ತಟ್ಟಿ ಬಾಗಿಸಿ. ಆಮೇಲೆ ಎರಡು ಇಂಚಿನ ಪೈಪಿನ ಮೇಲೆ ನಡುಭಾಗ. ಕಬ್ಬಿಣದ ಸುತ್ತಿಗೆ ಈಗ ಮುಟ್ಟಬೇಡಿ, ವಿನ್ಯಾಸ ಚಪ್ಪಟೆಯಾಗುತ್ತದೆ. ತಾಮ್ರ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ, ಅದಕ್ಕೇ ಬೇಕಾದ್ದಕ್ಕಿಂತ ತುಸು ಬಿಗಿಯಾಗಿ ಸುತ್ತಿ. ಕೊನೆಗೆ ಮೇಲಿಂದ ಅಂಗೈಯಲ್ಲಿ ಒತ್ತಿ ಅಂಡಾಕಾರ ಮಾಡಿ, ಮಣಿಕಟ್ಟು ಯಾರಿಗೂ ಪೂರ್ತಿ ಗುಂಡಗಿರುವುದಿಲ್ಲ.

ಆಕಾರ ಬಂದ ಮೇಲೆ ಮತ್ತೆ ಕಾಯಿಸಬೇಡಿ! ಈಗ ಕಡಗ ಗಟ್ಟಿಯಾಗಬೇಕು. ಪೈಪಿನ ಮೇಲೇ ಇಟ್ಟು ಕೊಡತಿಯಿಂದ ಸುತ್ತಲೂ ಸಣ್ಣಗೆ ತಟ್ಟುತ್ತಾ ಹೋಗಿ, ಆ ಠಣ್ ಸದ್ದು ಬರುವವರೆಗೆ. ಇಲ್ಲಾಂದ್ರೆ ಹಾಕಿಕೊಂಡು ಬಸ್ಸಿನ ಕಂಬಿ ಹಿಡಿದರೆ ಸಾಕು, ಆಕಾರ ಕೆಡುತ್ತದೆ.

ಉಂಗುರ, ಓಲೆ

ಉಂಗುರದ ತಂತಿಯ ಉದ್ದಕ್ಕೆ ಒಂದು ಲೆಕ್ಕ ಇದೆ: ಒಳ ವ್ಯಾಸಕ್ಕೆ ತಂತಿಯ ದಪ್ಪ ಕೂಡಿಸಿ 3.14ರಿಂದ ಗುಣಿಸಿ. ಒಳ ವ್ಯಾಸ 17, ತಂತಿ 2 ಮಿಲಿಮೀಟರ್ ಆದರೆ 60 ಮಿಲಿಮೀಟರ್ ತಂತಿ ಬೇಕು. ದಪ್ಪ ಕೂಡಿಸುವುದನ್ನು ಮರೆತರೆ ಉಂಗುರ ಬಿಗಿಯಾಗುತ್ತದೆ. ತುದಿ ಜೋಡಿಸದೆ ಒಂದರ ಪಕ್ಕ ಒಂದು ದಾಟುವಂತೆ ಬಿಟ್ಟರೆ ಬೆಸುಗೆಯೇ ಬೇಡ, ಬೆರಳು ಊದಿದಾಗ ಸಡಿಲಿಸಲೂ ಬರುತ್ತದೆ.

ಬೆಸುಗೆ ಹಾಕಲೇಬೇಕು ಅನ್ನುವವರಿಗೆ: ಬೆಳ್ಳಿ ಬೆಸುಗೆ, ಬಿಳಿಗಾರ (ಬೋರಾಕ್ಸ್), ಟಾರ್ಚ್. ಬೆಳಗಾವಿಯ ಶಹಾಪುರದ ಪತ್ತಾರರ ಹತ್ತಿರ ಬೆಸುಗೆ ಸಿಗುತ್ತದೆ, ಆದರೆ ಕ್ಯಾಡ್ಮಿಯಂ ಇಲ್ಲದ್ದು ಅಂತ ಕೇಳಿ ತೆಗೆದುಕೊಳ್ಳಿ. ಕೆಡಿಎಂ ಅಂತ ನಾವೆಲ್ಲ ಕೇಳಿದ್ದೇವಲ್ಲ, ಅದು ಕ್ಯಾಡ್ಮಿಯಂ ಬೆಸುಗೆಯೇ, ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಟಿವಿ ರಿಪೇರಿಯವರ ಬೆಸುಗೆ ತಂತಿಯಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ, ಮೈಗೆ ತಾಗುವ ಒಡವೆಗೆ ಬೇಡವೇ ಬೇಡ. ಜೋಡಣೆಯ ನಡುವೆ ಬೆಳಕು ತೂರದಷ್ಟು ಬಿಗಿಯಾಗಿ ಎರಡು ತುದಿ ಕೂರಬೇಕು, ಬೆಸುಗೆ ಸಂದು ತುಂಬುವುದಿಲ್ಲ. ತಾಮ್ರ ಬಿಸಿಯನ್ನು ಬೇಗ ಹರಡುತ್ತದೆ, ಹಾಗಾಗಿ ಬರೀ ಜೋಡಣೆಗೆ ಉರಿ ಹಿಡಿಯದೆ ಇಡೀ ಉಂಗುರವನ್ನೂ ಕಾಯಿಸಿ, ಬೆಸುಗೆ ಬಿಸಿ ಇರುವ ಕಡೆಗೆ ತಾನೇ ಹರಿಯುತ್ತದೆ. ಹರಿಯದೆ ಗುಂಡಾಗಿ ಕೂತರೆ ಕೊಳೆ ಇದೆ ಅಂತ ಅರ್ಥ, ತಣ್ಣಗಾಗಲು ಬಿಟ್ಟು ಹುಳಿಗೆ ಹಾಕಿ ಮತ್ತೆ ಶುರು ಮಾಡಿ.

ಓಲೆಗೆ 24 ಗೇಜಿನ ತಗಡು ಸಾಕು, ಅರ್ಧ ಮಿಲಿಮೀಟರಿಗಿಂತ ತುಸು ದಪ್ಪ, ಕೈ ಕತ್ತರಿಯಲ್ಲೇ ಕತ್ತರಿಸಬಹುದು. 25 ಮಿಲಿಮೀಟರ್ ಅಗಲದ ಬಿಲ್ಲೆ ಎರಡೂವರೆ ಗ್ರಾಂ ತೂಗುತ್ತದೆ, ಕಿವಿಗೆ ಭಾರವಾಗುವುದಿಲ್ಲ. ಬಿಲ್ಲೆ ತಾಮ್ರದ್ದೇ ಇರಲಿ, ಕಿವಿಯೊಳಗೆ ಹೋಗುವ ಕೊಂಡಿ ಮಾತ್ರ ಬೆಳ್ಳಿಯದ್ದು ಹಾಕಿ. ಕಿವಿಯ ತೂತಿನಲ್ಲಿ ಬೆವರು ನಿಲ್ಲುತ್ತದೆ, ತಾಮ್ರ ಅಲ್ಲಿ ಹಸಿರು ಬಿಡುತ್ತದೆ.

ಬಣ್ಣ

ಹೊಸ ತಾಮ್ರದ ಕೆಂಪು ಹೊಳಪು ವಾರ ನಿಲ್ಲುವುದಿಲ್ಲ. ಅದನ್ನು ಹಿಡಿದಿಡಲು ಹೆಣಗುವುದಕ್ಕಿಂತ ನಾವೇ ಕಪ್ಪು ಮಾಡಿ, ಉಬ್ಬಿದ ಕಡೆ ಮಾತ್ರ ಉಜ್ಜಿ ಹೊಳಪು ತರುವುದು ಜಾಣತನ, ಕಸೂತಿ ಚುಕ್ಕಿಗಳು ಆಗಲೇ ಎದ್ದು ಕಾಣುವುದು. ಸುಲಭದ ದಾರಿ ಮೊಟ್ಟೆ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಬಿಸಿ ಇರುವಾಗಲೇ ಕಿವುಚಿ ಮುಚ್ಚಳದ ಡಬ್ಬಿಗೆ ಹಾಕಿ, ಒಡವೆಯನ್ನು ಅದಕ್ಕೆ ತಾಗದಂತೆ ಪಕ್ಕದಲ್ಲಿಡಿ. ಮೊಟ್ಟೆಯ ಗಂಧಕದ ಆವಿಗೆ ತಾಮ್ರ ಕಂದು, ಆಮೇಲೆ ಕಪ್ಪಾಗುತ್ತದೆ. ಅರ್ಧ ಗಂಟೆಗೊಮ್ಮೆ ತೆಗೆದು ನೋಡಿ, ಬೇಕಾದ ಬಣ್ಣಕ್ಕೆ ಬಂದಾಗ ನಿಲ್ಲಿಸಿ. ಆ ಮೊಟ್ಟೆ ತಿನ್ನಬೇಡಿ. ಮೊಟ್ಟೆ ಮನೆಯೊಳಗೆ ಬರಬಾರದು ಅನ್ನುವ ಮನೆಗಳು ನಮ್ಮ ಕಡೆ ಬಹಳ, ಅವರು ಲಿವರ್ ಆಫ್ ಸಲ್ಫರ್ ಅನ್ನುವ ಗಟ್ಟಿಯನ್ನು ಆನ್‌ಲೈನ್‌ನಲ್ಲಿ ತರಿಸಿ ಬೆಚ್ಚಗಿನ ನೀರಿಗೆ ಬಟಾಣಿ ಗಾತ್ರದಷ್ಟು ಹಾಕಿ ಅದ್ದಬಹುದು. ಹಿತ್ತಲಲ್ಲಿ ಮಾಡಿ, ವಾಸನೆಗೆ ಪಕ್ಕದ ಮನೆಯವರೂ ಬರುತ್ತಾರೆ. ಹುಳಿ ನೀರು ಮಾತ್ರ ಅದರ ಹತ್ತಿರ ಸುಳಿಯಬಾರದು, ಎರಡು ಬೆರೆತರೆ ವಿಷದ ಗಾಳಿ ಏಳುತ್ತದೆ. ಕಪ್ಪಾದ ಮೇಲೆ 1000 ನಂಬರಿನ ಎಮರಿಯನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಮೇಲ್ಮೈಯನ್ನು ಹಗುರಾಗಿ ಉಜ್ಜಿ.

ಮೇಲೆ ಲ್ಯಾಕರ್ ಹೊಡೆಯುವವರಿದ್ದಾರೆ. ಓಲೆಗೆ ಸರಿ, ಕಡಗಕ್ಕೆ ಬೇಡ ಅನ್ನುತ್ತೇನೆ. ಉಜ್ಜಾಡುವ ಕಡೆಯಲ್ಲೆಲ್ಲ ಅದು ಎದ್ದು ತೇಪೆ ತೇಪೆಯಾಗುತ್ತದೆ, ಪೂರ್ತಿ ತೆಗೆಯಲು ಥಿನ್ನರ್ ಬೇಕು. ಜೇನುಮೇಣವನ್ನು ಬೆಚ್ಚಗಿನ ಒಡವೆಗೆ ತೆಳ್ಳಗೆ ಸವರಿ ಬಟ್ಟೆಯಲ್ಲಿ ಒರೆಸಿದರೆ ಕೆಲವು ವಾರ ತಡೆಯುತ್ತದೆ, ಸವೆದರೆ ಮತ್ತೆ ಹಚ್ಚಬಹುದು. ಕುಸುಬಿ ಎಣ್ಣೆ ಮನೆಯಲ್ಲಿದೆ ಅಂತ ಅದನ್ನು ಹಚ್ಚಬೇಡಿ, ಗಾಳಿಗೆ ಅಂಟಂಟಾಗಿ ಧೂಳು ಹಿಡಿಯುತ್ತದೆ.

ಹಾಕಿಕೊಳ್ಳುವುದು, ತೊಳೆಯುವುದು, ಇಡುವುದು

ಕಡಗವನ್ನು ಎರಡು ಕೈಯಲ್ಲಿ ಅಗಲಿಸಿ ಹಾಕಿಕೊಳ್ಳಬೇಡಿ. ಮಣಿಕಟ್ಟಿನ ಪಕ್ಕದ ತೆಳು ಭಾಗದಿಂದ ಒಂದು ತುದಿ ಓರೆಯಾಗಿ ತೂರಿಸಿ, ಆಮೇಲೆ ತಿರುಗಿಸಿ. ದಿನಾ ಅಗಲಿಸಿ ಮುಚ್ಚಿದರೆ ನಡುಭಾಗ ಸುತ್ತಿಗೆ ಏಟು ಬಿದ್ದಷ್ಟೇ ಗಟ್ಟಿಯಾಗುತ್ತಾ ಹೋಗಿ ಒಂದು ದಿನ ಮುರಿಯುತ್ತದೆ.

ಕೈ ಹಸಿರಾಗುವುದಕ್ಕೆ ಹೆದರಬೇಡಿ. ಬೆವರಿನ ಉಪ್ಪು, ಹುಳಿ ತಾಮ್ರಕ್ಕೆ ತಾಗಿ ಬಿಡುವ ಬಣ್ಣ ಅದು, ಸೋಪಿಗೆ ಹೋಗುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಬೆವರಿನಿಂದ ಹಸಿರು, ಬೆಳಗಾವಿಯ ಜುಲೈ ಮಳೆಯಲ್ಲಿ ತೇವದಿಂದ ಕಪ್ಪು, ಇಷ್ಟೇ ವ್ಯತ್ಯಾಸ. ತೀರಾ ಬೇಡ ಅಂದರೆ ಉಂಗುರದ ಒಳಭಾಗಕ್ಕೆ ಬಣ್ಣವಿಲ್ಲದ ನೈಲ್ ಪಾಲಿಶ್ ಹಚ್ಚಿ, ಒಂದೆರಡು ವಾರಕ್ಕೆ ಸವೆಯುತ್ತದೆ. ತುರಿಕೆ, ಗುಳ್ಳೆ ಬಂದರೆ ಮಾತ್ರ ತೆಗೆದಿಡಿ.

ಕಡಗ ಹಾಕಿದರೆ ಸಂಧಿನೋವು ಹೋಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು 70 ಜನ ಸಂಧಿವಾತದ ರೋಗಿಗಳಿಗೆ ತಾಮ್ರದ ಕಡಗ, ಅಯಸ್ಕಾಂತದ ಪಟ್ಟಿ, ಹುಸಿ ಪಟ್ಟಿ ಎಲ್ಲವನ್ನೂ ಸರದಿಯ ಮೇಲೆ ಹಾಕಿಸಿ ನೋಡಿದ್ದರು. 2013ರಲ್ಲಿ ಫಲಿತಾಂಶ ಬಂತು, ನೋವಿನಲ್ಲಾಗಲಿ ಊತದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಚೆಂದಕ್ಕೆ ಹಾಕಿ, ಗುಳಿಗೆ ಬಿಡಬೇಡಿ. ಮಾರುವವರೂ ಈ ಮಾತು ಹೇಳಿ ಮಾರಬೇಡಿ.

ದಿನಾ ತೆಗೆದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸುವುದು, ಅಷ್ಟೇ ಆರೈಕೆ. ಕಪ್ಪು ಜಾಸ್ತಿಯಾದರೆ ಲಿಂಬೆಹೋಳಿಗೆ ಉಪ್ಪು ಹಚ್ಚಿ ಒಂದು ನಿಮಿಷ ಉಜ್ಜಿ, ಸೋಡಾ ನೀರಲ್ಲಿ ಅದ್ದಿ, ತೊಳೆದು, ಪೂರ್ತಿ ಒಣಗಿಸಿ. ನಾವೇ ಕಪ್ಪು ಮಾಡಿದ ವಿನ್ಯಾಸದ ಒಡವೆಗೆ ಇದು ಬೇಡ, ಎರಡು ನಿಮಿಷದಲ್ಲಿ ಎಲ್ಲಾ ಕಪ್ಪೂ ತೊಳೆದು ಹೋಗುತ್ತದೆ, ಅದಕ್ಕೆ ಸೋಪಿನ ನೀರು ಮಾತ್ರ. ಪೀತಾಂಬರಿ ಪುಡಿ ದೇವರ ಪಾತ್ರೆಗೆ ಒಳ್ಳೆಯದು, ಹೊಳಪು ಹಚ್ಚಿದ ಒಡವೆಯ ಮೇಲೆ ಗೀರು ಬೀಳಿಸುತ್ತದೆ. ಹವಳ, ಮುತ್ತು ಕೂರಿಸಿದ್ದರೆ ಲಿಂಬೆ, ಹುಣಸೆ ಎರಡೂ ದೂರ. ಅವು ಹುಳಿಗೆ ಕರಗುತ್ತವೆ.

ಮಳೆಗಾಲ ಶುರುವಾಗುವ ಮುಂಚೆ ಎಲ್ಲಾ ಒರೆಸಿ, ಮೇಣ ಹಚ್ಚಿ, ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿಗೆ ಹಾಕಿ ಗಾಳಿ ಹಿಂಡಿ ಮುಚ್ಚಿ. ಒಳಗೆ ಒಂದು ತುಂಡು ಸೀಮೆಸುಣ್ಣ ಇಟ್ಟರೆ ತೇವ ಎಳೆದುಕೊಳ್ಳುತ್ತದೆ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕಕ್ಕೆ ಸುತ್ತಿದ ಕಡೆ ಕಪ್ಪು ಗೆರೆ ಬೀಳುತ್ತದೆ.

ವರ್ಷಗಟ್ಟಲೆ ಹಾಕಿದ ಕಡಗ ಸಡಿಲವಾದರೆ ಕೈಯಲ್ಲೇ ಅದುಮಿ ಸರಿ ಮಾಡುವ ಮುಂಚೆ ಮಸೂರ ಹಿಡಿದು ನಡುಭಾಗದ ಅಂಚು ನೋಡಿ. ಕೂದಲೆಳೆಯ ಬಿರುಕು ಕಂಡರೆ ಬಗ್ಗಿಸಬೇಡಿ, ಅಲ್ಲೇ ಕತ್ತರಿಸಿ ಎರಡು ಉಂಗುರ ಮಾಡಿಕೊಳ್ಳಿ. ಬಿರುಕಿಲ್ಲದಿದ್ದರೆ ಮೇಣ ತೊಳೆದು, ಮಂದ ಕೆಂಪಿಗೆ ಕಾಯಿಸಿ, ಪೈಪಿಗೆ ಏರಿಸಿ ಮತ್ತೆ ತಟ್ಟಿ. ಕಪ್ಪು ಬಣ್ಣ ಮಾತ್ರ ಮೊದಲಿನಿಂದ ಹಾಕಬೇಕಾಗುತ್ತದೆ.